ಮಿನಿಟ್‌ಮೆನ್: ಯಾವ ರೆಕಾರ್ಡ್‌ನಿಂದ ಶುರು ಮಾಡಬೇಕು?

ಕುಣಿಸುವ ಲಯದ ಫಂಕ್, ಜಾಝ್, ಒರಟು ವೇಗದ ಪಂಕ್ ಮೂರನ್ನೂ ಕಲಸಿದ ಅಮೆರಿಕದ ಬ್ಯಾಂಡ್ ಒಂದನ್ನು ಹೇಳಿ ಎಂದರೆ ಬಲ್ಲವರ ಬಾಯಿಗೆ ಮೊದಲು ಬರುವ ಹೆಸರುಗಳಲ್ಲಿ ಮಿನಿಟ್‌ಮೆನ್ ಒಂದು. ಅದರ ಬೆನ್ನಿಗೇ ಬರುವ ಸಲಹೆ ‘ಡಬಲ್ ನಿಕಲ್ಸ್ ಆನ್ ದ ಡೈಮ್ ಕೇಳಿ’ ಎಂಬುದು. ಸಲಹೆ ತಪ್ಪೇನಲ್ಲ, ಆದರೆ ಅರ್ಧಂಬರ್ಧ. ಅದು 45 ಹಾಡುಗಳ ಜೋಡಿ ಎಲ್‌ಪಿ, ಅಂದರೆ ಎರಡು ತಟ್ಟೆ, ನಾಲ್ಕು ಬದಿ. ಸುಮಾರು 81 ನಿಮಿಷ. ಮೊದಲ ಸಲ ಕೇಳುವವರು ಹತ್ತನೆಯದೋ ಹನ್ನೆರಡನೆಯದೋ ಹಾಡಿನ ಹೊತ್ತಿಗೆ ಸೋಲುತ್ತಾರೆ. ಒಂದು ಹಾಡು ಕಿವಿಗೆ ಕೂರುವ ಮೊದಲೇ ಮುಗಿದು ಇನ್ನೊಂದು ಅರ್ಧ ಆಗಿರುತ್ತದೆ. ‘ಚೆನ್ನಾಗಿದೆ, ಆದರೆ ಒಂದೂ ನೆನಪಿಲ್ಲ’ ಎಂದು ಪಕ್ಕಕ್ಕಿಡುತ್ತಾರೆ. ಆಮೇಲೆ ಆ ಬ್ಯಾಂಡ್‌ನ ಕಡೆ ಮತ್ತೆ ಹಾಯುವುದಿಲ್ಲ.

ಈ ಬ್ಯಾಂಡ್ ಬದುಕಿದ್ದು 1980ರಿಂದ 1985ರ ಡಿಸೆಂಬರ್‌ವರೆಗೆ. ಆರು ವರ್ಷ ತುಂಬುವ ಮೊದಲೇ ನಾಲ್ಕು ದೊಡ್ಡ ರೆಕಾರ್ಡ್ ಮತ್ತು ಹಲವು ಇಪಿಗಳು (ಕೆಲವೇ ಹಾಡುಗಳ ಚಿಕ್ಕ ರೆಕಾರ್ಡ್‌ಗಳು) ಬಂದವು. ಯಾವ ಎರಡೂ ಒಂದೇ ಥರ ಇಲ್ಲ. ಆದ್ದರಿಂದ ‘ಯಾವುದು ಶ್ರೇಷ್ಠ’ ಎಂಬುದಕ್ಕಿಂತ ‘ನಿಮ್ಮ ಕಿವಿ ಈಗ ಎಲ್ಲಿದೆ’ ಎಂದು ಕೇಳಿಕೊಂಡರೆ ಆಯ್ಕೆ ಸುಲಭ.

ಕೇಳುವ ಮೊದಲು ನಾಲ್ಕು ಸೆಟ್ಟಿಂಗ್

ಮೊಬೈಲ್‌ನ ಸ್ಪೀಕರ್‌ನಲ್ಲಿ ಕೇಳಬೇಡಿ. ಈ ಮಾತು ಎಲ್ಲ ಸಂಗೀತಕ್ಕೂ ಹೇಳುವಂಥದ್ದೇ, ಆದರೆ ಇಲ್ಲಿ ಬೇರೆಯದೇ ಕಾರಣವಿದೆ. ಗಿಟಾರ್ ನುಡಿಸುತ್ತಿದ್ದ ಡಿ. ಬೂನ್ ತನ್ನ ವಾದ್ಯದ ಟ್ರೆಬಲ್ ಪೂರ್ತಿ ಏರಿಸಿ, ಕೆಳಗಿನ ನಾದವನ್ನು ಬೇಕೆಂದೇ ಕಿತ್ತುಹಾಕಿಬಿಡುತ್ತಿದ್ದ. ರಾಕ್ ಬ್ಯಾಂಡ್‌ಗಳಲ್ಲಿ ಗಿಟಾರ್ ಇಡೀ ಜಾಗವನ್ನು ಆಕ್ರಮಿಸಿಕೊಂಡು ಬೇಸ್ ವಾದ್ಯ ಎಲ್ಲೋ ಅಡಿಯಲ್ಲಿ ಹೂತುಹೋಗುವುದು ವಾಡಿಕೆ. ಬೂನ್ ಮತ್ತು ಬೇಸ್ ನುಡಿಸುವ ಮೈಕ್ ವಾಟ್‌ಗೆ ಇದು ಯಜಮಾನಿಕೆಯಂತೆ ಕಂಡಿತ್ತು. ಅವರ ರಾಜಕೀಯಕ್ಕೆ ಅದು ಒಗ್ಗುತ್ತಿರಲಿಲ್ಲ. ಹಾಗಾಗಿ ಗಿಟಾರ್ ಮೇಲ್ಗಡೆ ಸಣ್ಣ ಜಾಗ ಹಿಡಿದು, ನಡುವಿನ ಮತ್ತು ಕೆಳಗಿನ ಜಾಗವನ್ನು ಬೇಸ್‌ಗೂ ಜಾರ್ಜ್ ಹರ್ಲಿಯ ಡ್ರಮ್ಸ್‌ಗೂ ಬಿಟ್ಟುಕೊಟ್ಟಿತು. ಮಧುರವಾದ ರಾಗ ಹೆಚ್ಚಾಗಿ ಬೇಸ್‌ನಲ್ಲೇ ಇರುತ್ತದೆ. ಕೆಳಸ್ವರ ಹೊರಡಿಸಲಾಗದ ಸ್ಪೀಕರ್‌ನಲ್ಲಿ ಅದು ಕಳೆದುಹೋಗಿ ಕೆರೆದಂಥ ಗಿಟಾರ್ ಮತ್ತು ಕೂಗು ಮಾತ್ರ ಉಳಿಯುತ್ತದೆ. ಸಾಧಾರಣ ಇಯರ್‌ಫೋನ್ ಆದರೂ ಸಾಕು.

ಹಾಗೆಂದು ಬೇಸ್ ಬೂಸ್ಟ್ ಹಾಕಲೂಬೇಡಿ. ವಾಟ್‌ನ ಬೇಸ್ ಗುಡುಗುವ ಬೇಸ್ ಅಲ್ಲ, ಮಾತಾಡುವ ಬೇಸ್. ಬೂಸ್ಟ್ ಹಾಕಿದರೆ ಅದರ ಅಂಚು ಮಸುಕಾಗಿ ಹರ್ಲಿಯ ದೊಡ್ಡ ಡ್ರಮ್‌ನ ಜೊತೆ ಕಲಸಿಹೋಗುತ್ತದೆ. ಈಕ್ವಲೈಜರ್ ಆಫ್ ಇರಲಿ.

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವ ಸೌಲಭ್ಯ) ಇದ್ದರೆ ಸೊನ್ನೆಗೆ ತನ್ನಿ. ನಾಲ್ಕು ನಿಮಿಷದ ಹಾಡಿನಲ್ಲಿ ಐದು ಸೆಕೆಂಡ್ ಬೆರೆತುಹೋದರೆ ಏನೂ ಆಗದು. ನಲವತ್ತು ಸೆಕೆಂಡಿನ ಹಾಡಿನಲ್ಲಿ ಹಿಂದೆ ಐದು, ಮುಂದೆ ಐದು ಹೋದರೆ ಕಾಲು ಭಾಗ ಹಾಡೇ ಕೆಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಇವರ ಹಾಡುಗಳು ಥಟ್ಟನೆ ನಿಲ್ಲುವ ರೀತಿಯೇ ಅರ್ಧ ಸೊಗಸು, ಆ ನಿಲುಗಡೆಯೇ ಕ್ರಾಸ್‌ಫೇಡ್‌ನಲ್ಲಿ ಮಾಯವಾಗುತ್ತದೆ.

ಶಫಲ್ ಕೂಡ ಬೇಡ. ಹಣ ಉಳಿಸಲು ಇವರು ಆಲ್ಬಮ್‌ನಲ್ಲಿ ಬರುವ ಕ್ರಮದಲ್ಲೇ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದ ಕಾಲವಿತ್ತು. ಆಮೇಲೆ ಟೇಪ್ ಕತ್ತರಿಸಿ ಜೋಡಿಸುವ ಖರ್ಚು ಉಳಿಯುತ್ತಿತ್ತು. ಆ ಓಟ ಕ್ರಮದಲ್ಲಿ ಕೇಳಿದರೆ ಮಾತ್ರ ಸಿಗುತ್ತದೆ.

ಹಿನ್ನೆಲೆ, ಆಯ್ಕೆಗೆ ಬೇಕಾದಷ್ಟು

ಲಾಸ್ ಏಂಜಲೀಸ್‌ನ ಬಂದರು ಪ್ರದೇಶವಾದ ಸ್ಯಾನ್ ಪೆಡ್ರೊ ದುಡಿಯುವ ಜನರ ಊರು. ಬೂನ್ ಮತ್ತು ವಾಟ್ ಅಲ್ಲಿ ಹದಿಮೂರರ ವಯಸ್ಸಿನಿಂದ ಗೆಳೆಯರು. ಬೂನ್‌ನ ತಾಯಿ ಹುಡುಗರು ಬೀದಿಯಲ್ಲಿ ಕೆಡದಿರಲಿ ಎಂದು ಇಬ್ಬರ ಕೈಗೂ ವಾದ್ಯ ಹಿಡಿಸಿದಳು. ಮಗನಿಗೆ ಗಿಟಾರ್, ವಾಟ್‌ಗೆ ಬೇಸ್. ಬೇಸ್ ಎಂದರೇನೆಂದು ಸರಿಯಾಗಿ ಗೊತ್ತಿಲ್ಲದೆ ವಾಟ್ ಕೆಲಕಾಲ ಮಾಮೂಲಿ ಗಿಟಾರಿಗೆ ನಾಲ್ಕೇ ತಂತಿ ಹಾಕಿಕೊಂಡು ನುಡಿಸಿದ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್, ಬ್ಲೂ ಆಯ್ಸ್ಟರ್ ಕಲ್ಟ್ ಹಾಡುಗಳನ್ನು ನಕಲು ಮಾಡುತ್ತ ಬೆಳೆದವರಿಗೆ ಪಂಕ್ ಬಂದಾಗಲೇ ತಾವೂ ಹಾಡು ಕಟ್ಟಬಹುದೆಂದು ಹೊಳೆದದ್ದು. ಮೊದಲು ರಿಯಾಕ್ಷನರೀಸ್ ಎಂಬ ನಾಲ್ವರ ಬ್ಯಾಂಡ್ ಇತ್ತು. 1980ರಲ್ಲಿ ಮಿನಿಟ್‌ಮೆನ್ ಆಯಿತು. ಸ್ವಲ್ಪ ದಿನದಲ್ಲೇ ಹರ್ಲಿ ಡ್ರಮ್ಸ್‌ಗೆ ಬಂದ.

ಮೂರು ಬೇರುಗಳನ್ನು ನೆನಪಿಟ್ಟರೆ ರೆಕಾರ್ಡ್‌ಗಳ ನಡುವಿನ ವ್ಯತ್ಯಾಸ ಅರ್ಥವಾಗುತ್ತದೆ. ಹಾಡು ಎಷ್ಟು ಚಿಕ್ಕದಾಗಿರಬಹುದು ಎಂಬುದನ್ನು ತೋರಿಸಿದ್ದು ಇಂಗ್ಲೆಂಡಿನ ವೈರ್ ಬ್ಯಾಂಡ್, 1977ರ ‘ಪಿಂಕ್ ಫ್ಲ್ಯಾಗ್’ ಆಲ್ಬಮ್ಮಿನಲ್ಲಿ. ಫಂಕಡೆಲಿಕ್‌ನ ಕುಣಿತವನ್ನೂ ಕ್ಯಾಪ್ಟನ್ ಬೀಫ್‌ಹಾರ್ಟ್‌ನ ಅಡ್ಡಾದಿಡ್ಡಿ ಲಯವನ್ನೂ ಒಂದೇ ಪಾತ್ರೆಗೆ ಹಾಕಬಹುದೆಂಬ ಧೈರ್ಯ ಬ್ರಿಸ್ಟಲ್‌ನ ‘ಪಾಪ್ ಗ್ರೂಪ್’ ಎಂಬ ಬ್ಯಾಂಡ್‌ನಿಂದ ಬಂತು. ಇದನ್ನು ವಾಟ್ ಅನೇಕ ಸಲ ಹೇಳಿಕೊಂಡಿದ್ದಾನೆ. ಜಾನ್ ಕೋಲ್ಟ್ರೇನ್‌ನ ಜಾಝ್ ಅವನ ಕಿವಿಗೆ ಬಿದ್ದದ್ದು ಚಿತ್ರಕಾರ ರೇಮಂಡ್ ಪೆಟಿಬಾನ್ ಮೂಲಕ. ಬ್ಯಾಂಡ್‌ನ ಕೆಲವು ಮುಖಚಿತ್ರಗಳೂ ಪೆಟಿಬಾನ್‌ನವೇ.

ನಾಲ್ಕನೆಯದು ದುಡ್ಡು. ರೆಕಾರ್ಡ್‌ಗಳು ಬಹುಪಾಲು ಹೊರಬಂದದ್ದು ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡ್‌ನ ಗ್ರೆಗ್ ಗಿನ್ ನಡೆಸುತ್ತಿದ್ದ ಎಸ್‌ಎಸ್‌ಟಿ ಕಂಪನಿಯಿಂದ. ಅಲ್ಲಿ ಬಜೆಟ್ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ. ಮನೆಯಲ್ಲಿ ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡು ಬರುವುದು, ಬಾಡಿಗೆ ಅಗ್ಗವಾಗುವ ಮಧ್ಯರಾತ್ರಿಯ ಮೇಲೆ ಸ್ಟುಡಿಯೋ ಹಿಡಿಯುವುದು, ಯಾರೋ ಬಳಸಿ ಬಿಟ್ಟ ಟೇಪಿನ ಮೇಲೆ ರೆಕಾರ್ಡ್ ಮಾಡುವುದು, ಒಂದರ ಮೇಲೊಂದು ಪದರ ಕೂರಿಸುವ ಕೆಲಸಕ್ಕೆ ಕೈಹಾಕದಿರುವುದು. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಈ ಪದ್ಧತಿಗೆ ಅವರು ‘ಇಕಾನೊ’ ಎನ್ನುತ್ತಿದ್ದರು. ರೆಕಾರ್ಡ್‌ಗಳಲ್ಲಿ ಕೇಳುವ ಒಣ, ನೇರ, ಎದುರಿಗೇ ನುಡಿಸಿದಂಥ ಶಬ್ದಕ್ಕೆ ಕಾರಣ ಇದೇ. ಯಾವುದರಲ್ಲಿ ಈ ಪದ್ಧತಿ ಹಾಡಿಗೆ ಒದಗಿ ಬಂತು, ಯಾವುದರಲ್ಲಿ ಕೈಬಿಟ್ಟರು ಎಂಬುದರ ಮೇಲೆ ನಮ್ಮ ಹೋಲಿಕೆ ನಿಂತಿದೆ.

ಪಂಕ್ ಕಡೆಯಿಂದ ಬರುವವರಿಗೆ: ‘ಪ್ಯಾರನಾಯ್ಡ್ ಟೈಮ್’, ‘ದ ಪಂಚ್ ಲೈನ್’

ಬ್ಲ್ಯಾಕ್ ಫ್ಲ್ಯಾಗ್, ರಮೋನ್ಸ್ ಮೊದಲೇ ಕೇಳಿದವರಿಗೆ ಇದು ಒಳ್ಳೆಯ ಬಾಗಿಲು. 1980ರ ‘ಪ್ಯಾರನಾಯ್ಡ್ ಟೈಮ್’ ಎಸ್‌ಎಸ್‌ಟಿಯ ಎರಡನೆಯ ಪ್ರಕಟಣೆ: ಏಳು ಹಾಡು, ಒಟ್ಟು ಏಳು ನಿಮಿಷವೂ ಇಲ್ಲ. 1981ರ ‘ದ ಪಂಚ್ ಲೈನ್’ನಲ್ಲಿ 18 ಹಾಡು, 15 ನಿಮಿಷ. ಬಹುಪಾಲು ಹಾಡು ಒಂದು ನಿಮಿಷದೊಳಗೆ ಮುಗಿಯುತ್ತವೆ. ಪಲ್ಲವಿ ಇಲ್ಲ, ಮರುಕಳಿಕೆ ಇಲ್ಲ, ಗಿಟಾರ್ ಸೋಲೊ ಬಂದರೂ ನಾಲ್ಕು ಸೆಕೆಂಡಿಗೆ ಬಾಯಿ ಮುಚ್ಚುತ್ತದೆ. ದಿನಕರ ದೇಸಾಯಿಯವರ ಚುಟುಕ ಓದುವ ಹಾಗೆ ಕೇಳಬೇಕು. ಹೇಳುವುದನ್ನು ಹೇಳಿ ಎದ್ದು ಹೋಗುವ ಜಾತಿಯವು.

ಫಂಕ್ ಇಲ್ಲಿ ಇನ್ನೂ ಎಲುಬು ಮಾತ್ರ. ‘ಪಂಚ್ ಲೈನ್’ನ ಮೊದಲ ಹಾಡು ‘ಸರ್ಚ್’ನಲ್ಲಿ ಗಿಟಾರ್ ಕತ್ತರಿ ಆಡಿಸಿದಂತೆ ತುಂಡುತುಂಡಾಗಿ ಬರುವುದನ್ನು ಗಮನಿಸಿ. ಅದು ಫಂಕ್ ಗಿಟಾರ್‌ನ ರೀತಿಯೇ, ಆದರೆ ಕುಣಿಯಲು ಪುರಸೊತ್ತಿಲ್ಲ. ಜಾಝ್ ಹುಡುಕಿಕೊಂಡು ಬಂದವರಿಗೆ ನಿರಾಸೆ ಖಂಡಿತ.

ಇಲ್ಲಿ ಸಾಮಾನ್ಯವಾಗಿ ಆಗುವ ತೊಂದರೆ ಎಂದರೆ 15 ನಿಮಿಷ ಒಂದೇ ಹಾಡಿನಂತೆ ಕೇಳಿಸುವುದು. ಮೊದಲ ಸಲ ಬೂನ್‌ನ ಕೂಗನ್ನು ಬಿಟ್ಟು ಬರೀ ಬೇಸ್ ಹಿಂಬಾಲಿಸಿ. ಎರಡನೆಯ ಸಲ ಡ್ರಮ್ಸ್. ಎರಡೂ ಸೇರಿ ಅರ್ಧ ಗಂಟೆ. ಆಮೇಲೆ 18 ಹಾಡುಗಳೂ ಬೇರೆ ಬೇರೆಯಾಗಿ ನಿಲ್ಲುತ್ತವೆ.

ನಮ್ಮ ಆಯ್ಕೆ: ‘ವಾಟ್ ಮೇಕ್ಸ್ ಅ ಮ್ಯಾನ್ ಸ್ಟಾರ್ಟ್ ಫೈರ್ಸ್?’

ಒಂದೇ ಒಂದು ಹೇಳಿ ಎಂದು ಪಟ್ಟು ಹಿಡಿದರೆ ಇದು. 1983ರ ಆರಂಭದಲ್ಲಿ ಬಂದದ್ದು, 18 ಹಾಡು, 26 ನಿಮಿಷದ ಆಸುಪಾಸು. ‘ಪಂಚ್ ಲೈನ್’ನಷ್ಟೇ ಹಾಡುಗಳಿಗೆ ಹನ್ನೊಂದು ನಿಮಿಷ ಹೆಚ್ಚು ಸಿಕ್ಕಿದೆ, ಆ ಹನ್ನೊಂದು ನಿಮಿಷದಲ್ಲೇ ಇರುವುದು ಎಲ್ಲ ವ್ಯತ್ಯಾಸ. ಹಾಡು ಉಸಿರಾಡುತ್ತದೆ, ಆದರೆ ಮೈ ಬಂದಿಲ್ಲ. ‘ಬಾಬ್ ಡಿಲನ್ ರೋಟ್ ಪ್ರೊಪಗ್ಯಾಂಡ ಸಾಂಗ್ಸ್’ ಶುರುವಿನಲ್ಲಿ ಓಡುವುದೇ ಬೇಸ್, ಗಿಟಾರ್ ಅದರ ಮೇಲೆ ಚುಚ್ಚುತ್ತ ಹೋಗುತ್ತದೆ. ‘ದ ಆಂಕರ್’ ಎಂಬ ಹಾಡು ಇಡೀ ಬ್ಯಾಂಡ್‌ನ ನಕ್ಷೆ ಇದ್ದ ಹಾಗೆ. ಬೇಸ್ ರಾಗ ಹೇಳುತ್ತದೆ, ಡ್ರಮ್ಸ್ ಅದಕ್ಕೆ ಎದುರುತ್ತರ ಕೊಡುತ್ತದೆ, ಗಿಟಾರ್ ನಡುನಡುವೆ ಬಂದು ಹೋಗುತ್ತದೆ. ಇದು ನಿಮಗೆ ಹಿಡಿಸಿದರೆ ಉಳಿದ ಎಲ್ಲವೂ ಹಿಡಿಸುತ್ತದೆ. ಹಿಡಿಸದಿದ್ದರೆ ‘ಡಬಲ್ ನಿಕಲ್ಸ್’ಗೆ 81 ನಿಮಿಷ ಖರ್ಚು ಮಾಡುವ ಅಗತ್ಯವಿಲ್ಲ.

ಇದನ್ನು ಮೊದಲ ಆಯ್ಕೆ ಮಾಡುವುದಕ್ಕೆ ಇನ್ನೊಂದು ಕಾರಣ ಉದ್ದ. 26 ನಿಮಿಷವನ್ನು ಒಂದೇ ಕೂತಲ್ಲಿ ಎರಡು ಸಲ ಕೇಳಬಹುದು, ಈ ಬ್ಯಾಂಡ್ ತೆರೆದುಕೊಳ್ಳುವುದು ಎರಡನೆಯ ಸಲಕ್ಕೇ. ಕೊರತೆ ಹೇಳಬೇಕೆಂದರೆ, ತಮಾಷೆ ಕಡಿಮೆ. ಬೂನ್‌ನ ಹಾಸ್ಯ ಇನ್ನೂ ಪೂರ್ತಿ ಹೊರಗೆ ಬಂದಿಲ್ಲ.

ಜಾಝ್ ಕಡೆಯಿಂದ ಬರುವವರಿಗೆ: ‘ಬಝ್ ಆರ್ ಹೌಲ್’

ಪೂರ್ತಿ ಹೆಸರು ‘ಬಝ್ ಆರ್ ಹೌಲ್ ಅಂಡರ್ ದ ಇನ್‌ಫ್ಲುಯೆನ್ಸ್ ಆಫ್ ಹೀಟ್’, 1983ರ ಕೊನೆಯದು, ಎಂಟು ಹಾಡು. ಇಡೀ ರೆಕಾರ್ಡ್‌ಗೆ ಬಿದ್ದ ಖರ್ಚು 50 ಡಾಲರ್ ಎಂದು ವಾಟ್ ಹೇಳುತ್ತಾನೆ. ಲೆಕ್ಕ ಹಾಕದೆ ನುಡಿಸಿಬಿಟ್ಟ ಭಾಗಗಳಿವೆ. ಯಾರು ಯಾವಾಗ ಒಳಗೆ ಬರುತ್ತಾರೆಂದು ನುಡಿಸುವವರಿಗೇ ಗೊತ್ತಿಲ್ಲದಂಥ ಫ್ರೀ ಜಾಝ್ ಗುಣ ಅಲ್ಲಿ ನೇರವಾಗಿ ಸಿಗುತ್ತದೆ. ಅದರ ಪಕ್ಕದಲ್ಲೇ ‘ಐ ಫೆಲ್ಟ್ ಲೈಕ್ ಅ ಗ್ರಿಂಗೊ’ದಂಥ ಬಿಗಿಯಾದ ಹಾಡೂ ಇದೆ. ಅಮೆರಿಕದವನಾಗಿ ಮೆಕ್ಸಿಕೋಗೆ ಹೋದಾಗಿನ ಮುಜುಗರ ಅದರ ವಸ್ತು, ಲಯ ಅಪ್ಪಟ ಫಂಕ್.

ಫ್ರೀ ಜಾಝ್‌ನ ಓರ್ನೆಟ್ ಕೋಲ್ಮನ್, ಏಷ್ಯಾದ ತಾಳವಾದ್ಯಗಳ ಜುಗಲ್‌ಬಂದಿ ಇಂಥವುಗಳಿಗೆ ಕಿವಿ ಹದವಾಗಿದ್ದರೆ ಇಲ್ಲಿಂದ ಶುರು ಮಾಡಿ. ಬೇರೆಯವರು ಮೂರನೆಯದಾಗಿ ಕೇಳಿ. ಮೊದಲಿಗೇ ಕೇಳಿದರೆ ಇವರಿಗೆ ಹಾಡು ಕಟ್ಟಲು ಬರುವುದಿಲ್ಲ ಎಂಬ ತಪ್ಪು ಅಭಿಪ್ರಾಯ ಕೂರುವ ಅಪಾಯವಿದೆ.

‘ಡಬಲ್ ನಿಕಲ್ಸ್ ಆನ್ ದ ಡೈಮ್’: ನಾಲ್ಕು ರೆಕಾರ್ಡ್ ಎಂದುಕೊಂಡು ಕೇಳಿ

1983ರ ಕೊನೆಗೆ ಇವರ ಕೈಯಲ್ಲಿ ಒಂದು ಆಲ್ಬಮ್‌ಗಾಗುವಷ್ಟು ಹಾಡು ಸಿದ್ಧವಾಗಿತ್ತು. ಅದೇ ಹೊತ್ತಿಗೆ ಅದೇ ಕಂಪನಿಯ ಹಸ್ಕರ್ ಡೂ ಬ್ಯಾಂಡ್ ಲಾಸ್ ಏಂಜಲೀಸ್‌ಗೆ ಬಂದು ‘ಝೆನ್ ಆರ್ಕೇಡ್’ ಎಂಬ ಜೋಡಿ ಆಲ್ಬಮ್ ರೆಕಾರ್ಡ್ ಮಾಡಿಕೊಂಡು ಹೋಯಿತು. ಸ್ಪರ್ಧೆಯ ಹುಮ್ಮಸ್ಸಿನಲ್ಲಿ ಇವರೂ ಇನ್ನೊಂದಷ್ಟು ಹಾಡು ಬರೆದರು. 1984ರ ಏಪ್ರಿಲ್‌ನಲ್ಲಿ ಮತ್ತೆ ಸ್ಟುಡಿಯೋಗೆ ಹೋದರು. ಸ್ಟುಡಿಯೋ ವೆನಿಸ್ ಎಂಬ ಕಡಲ ದಡದ ಬಡಾವಣೆಯ ರೇಡಿಯೋ ಟೋಕಿಯೋ, ಎಂಜಿನಿಯರ್ ಈಥನ್ ಜೇಮ್ಸ್. ಮಿಕ್ಸಿಂಗ್ ಒಂದೇ ರಾತ್ರಿ. ಒಟ್ಟು ಖರ್ಚು 1,100 ಡಾಲರ್. ಎರಡೂ ಬ್ಯಾಂಡ್‌ಗಳ ಜೋಡಿ ಆಲ್ಬಮ್‌ಗಳು ಆ ಜುಲೈನಲ್ಲಿ ಒಟ್ಟಿಗೇ ಬಂದವು. ‘ತಗೊಳ್ರಿ ಹಸ್ಕರ್‌ಗಳೇ’ ಎನ್ನುವ ಅರ್ಥದ ಚುಚ್ಚುಮಾತು ಒಳಹಾಳೆಯ ಮೇಲೇ ಅಚ್ಚಾಗಿದೆ.

ಆತುರದಲ್ಲಿ ಹಿಗ್ಗಿಸಿದ ಆಲ್ಬಮ್ಮಿಗೆ ಹೊಲಿಗೆ ಬೇಕಲ್ಲ, ಅದಕ್ಕೆ ಒಂದು ಉಪಾಯ ಮಾಡಿದರು. ಕಡ್ಡಿ ಎತ್ತಿ ಸರದಿ ನಿರ್ಧರಿಸಿ, ಮೂವರೂ ಒಂದೊಂದು ಬದಿಗೆ ತಮಗೆ ಬೇಕಾದ ಹಾಡು ಆರಿಸಿಕೊಂಡರು. ಯಾರೂ ಎತ್ತಿಕೊಳ್ಳದೆ ಉಳಿದವು ನಾಲ್ಕನೆಯ ಬದಿಗೆ ಹೋದವು. ಆ ಬದಿಗೆ ‘ಚ್ಯಾಫ್’ ಅಂದರೆ ಹೊಟ್ಟು ಎಂದೇ ಹೆಸರಿಟ್ಟರು. ಮೂವರ ಬದಿಗಳ ಶುರುವಿನಲ್ಲಿ ಆಯಾ ವ್ಯಕ್ತಿಯ ಕಾರು ಸ್ಟಾರ್ಟ್ ಆಗುವ ಸದ್ದು ಬರುತ್ತದೆ. ಡಿಜಿಟಲ್‌ನಲ್ಲಿ ಬದಿಗಳ ಗುರುತು ಇರುವುದಿಲ್ಲ, ಆದ್ದರಿಂದ ಆ ಎಂಜಿನ್ ಸದ್ದನ್ನೇ ಮೈಲಿಗಲ್ಲು ಮಾಡಿಕೊಳ್ಳಿ: ಎಂಜಿನ್ ಕೇಳಿದಾಗ ನಿಲ್ಲಿಸಿ, ಮುಂದಿನದು ನಾಳೆಗೆ. ಒಂದು ಬದಿಗೆ ಸುಮಾರು 20 ನಿಮಿಷ.

ಯಾವ ಬದಿ ಮೊದಲು? ಅಚ್ಚಾದ ಕ್ರಮ ಬೂನ್, ವಾಟ್, ಹರ್ಲಿ, ಹೊಟ್ಟು. ಹೊಸಬರಿಗೆ ವಾಟ್‌ನ ಬದಿಯೇ ಮೊದಲಾಗಲಿ. ಡಿಜಿಟಲ್‌ನಲ್ಲಿ 13ನೆಯ ಟ್ರ್ಯಾಕ್ ಆಗಿ ಬರುವ ‘ಪೊಲಿಟಿಕಲ್ ಸಾಂಗ್ ಫಾರ್ ಮೈಕಲ್ ಜ್ಯಾಕ್ಸನ್ ಟು ಸಿಂಗ್’ನಿಂದ ಅದು ಶುರು. ‘ಕರೋನ’ ಇರುವುದೂ ಇಲ್ಲೇ. 2000ದಲ್ಲಿ ಎಂಟಿವಿಯ ‘ಜ್ಯಾಕಾಸ್’ ಕಾರ್ಯಕ್ರಮದ ಶೀರ್ಷಿಕೆ ಸಂಗೀತವಾಗಿ ಬಂದು, ಬ್ಯಾಂಡ್‌ನ ಹೆಸರೇ ಕೇಳದವರ ಕಿವಿಗೂ ಬಿದ್ದ ರಾಗ ಅದು. ಟಿವಿಯಲ್ಲಿ ಕೇಳಿ ಅದೇನೋ ಕುಣಿಯುವ ತಮಾಷೆಯ ಹಾಡು ಎಂದುಕೊಂಡವರೇ ಹೆಚ್ಚು. ಮೆಕ್ಸಿಕೋದ ಕಡಲ ದಡದಲ್ಲಿ ಠೇವಣಿ ಹಣಕ್ಕಾಗಿ ಖಾಲಿ ಬಿಯರ್ ಬಾಟಲಿ ಆಯುತ್ತಿದ್ದ ಬಡ ಹೆಂಗಸನ್ನು ಕಂಡು ಬೂನ್ ಬರೆದದ್ದು. ‘ದ ಗ್ಲೋರಿ ಆಫ್ ಮ್ಯಾನ್’ ಇಡೀ ಪಟ್ಟಿಯಲ್ಲಿ ಫಂಕ್ ಅತ್ಯಂತ ಶುದ್ಧವಾಗಿ ಸಿಗುವ ಹಾಡು; ಫಂಕ್ ಇಷ್ಟವಾಗಿ ಇಲ್ಲಿಗೆ ಬಂದವರು ನೇರ ಇದಕ್ಕೇ ಹೋಗಿ. ‘ಟೇಕ್ ಫೈವ್, ಡಿ.’ ಎಂಬ ಹಾಡಿನ ಸಾಹಿತ್ಯ ಮನೆ ಮಾಲಕಿಯೊಬ್ಬಳು ಬಾತ್‌ರೂಮಿನ ಶವರ್ ಸೋರುತ್ತಿದೆ ಎಂದು ಬರೆದಿಟ್ಟ ಚೀಟಿ, ಅಷ್ಟೇ! ವಾಟ್‌ನ ಸಾಹಿತ್ಯ ತೀರಾ ಗಾಳಿಯಲ್ಲಿ ತೇಲುತ್ತಿದೆ, ಏನಾದರೂ ನಿಜದ್ದು ಬರಿ ಎಂದು ಬೂನ್ ಹೇಳಿದ್ದಕ್ಕೆ ಇದು ಉತ್ತರ. ಬದಿಯ ಕೊನೆಗೆ ‘ಹಿಸ್ಟರಿ ಲೆಸನ್, ಪಾರ್ಟ್ ಟು’. ಬ್ಯಾಂಡ್‌ನ ಚರಿತ್ರೆಯನ್ನು ಎರಡು ನಿಮಿಷದಲ್ಲಿ, ಮೆಲುದನಿಯಲ್ಲಿ ಹೇಳುವ ಹಾಡು. ಮೈಕಲ್ ಅಜೆರಾಡ್ 2001ರಲ್ಲಿ ಬರೆದ ಸ್ವತಂತ್ರ ಬ್ಯಾಂಡ್‌ಗಳ ಚರಿತ್ರೆಯ ಪುಸ್ತಕಕ್ಕೆ ಹೆಸರು ಬಂದದ್ದು ಇದರ ಸಾಲಿನಿಂದ.

ಆಮೇಲೆ ಬೂನ್‌ನ ಬದಿ. ‘ವಿಯೆಟ್‌ನಾಮ್’ನ ಬೇಸ್, ‘ಇಟ್ಸ್ ಎಕ್ಸ್‌ಪೆಕ್ಟೆಡ್ ಐಯಾಮ್ ಗಾನ್’ನ ನಿಧಾನವಾದ ಭಾರದ ಡ್ರಮ್ಸ್ ಇವೆರಡನ್ನು ತಪ್ಪಿಸಬೇಡಿ. ನಡುವೆ ‘ಕೊಹೀಶನ್’ ಎಂಬ ಒಂಟಿ ಅಕೌಸ್ಟಿಕ್ ಗಿಟಾರ್ ತುಣುಕು ಬರುತ್ತದೆ. ಸದ್ದು ಮಾಡದೆಯೂ ಬೂನ್‌ಗೆ ಎಷ್ಟು ಬರುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹರ್ಲಿಯ ಬದಿ ಕಷ್ಟದ್ದು. ಕಡ್ಡಿ ಎತ್ತಿದಾಗ ಮೊದಲ ಸರದಿ ಅವನಿಗೇ ಬಂದಿತ್ತು. 45 ಹಾಡುಗಳಲ್ಲಿ ಅವನು ಮೊದಲು ಎತ್ತಿಕೊಂಡದ್ದು ತಾನೇ ತಾಳ ಬಡಿಯುತ್ತ ಅರ್ಥವಿಲ್ಲದ ಸೊಲ್ಲು ಹೇಳುವ ‘ಯೂ ನೀಡ್ ದ ಗ್ಲೋರಿ’. ಬಹುಮಂದಿ ಆಲ್ಬಮ್ ಬಿಡುವುದು ಇಲ್ಲೇ. ಆದರೆ ಇದೇ ಬದಿಯ ಕೊನೆಯ ಹೊತ್ತಿಗೆ ‘ದಿಸ್ ಏಂಟ್ ನೋ ಪಿಕ್ನಿಕ್’ ಇದೆ. ಕೆಲಸದ ಜಾಗದಲ್ಲಿ ರೇಡಿಯೋದಲ್ಲಿ ಜಾಝ್, ಸೋಲ್ ಹಾಕಲು ಬಿಡದ ಜನಾಂಗದ್ವೇಷಿ ಮೇಲ್ವಿಚಾರಕನ ಮೇಲಿನ ಸಿಟ್ಟಿನಿಂದ ಹುಟ್ಟಿದ್ದು. ಫಂಕ್, ಜಾಝ್ ಇವರಿಗೆ ಬರೀ ಶೈಲಿಯ ಅಲಂಕಾರ ಆಗಿರಲಿಲ್ಲ ಎಂಬುದನ್ನು ಈ ಒಂದು ಹಾಡಿನಿಂದ ತಿಳಿಯಬಹುದು. ಇದಕ್ಕೊಂದು ಅಗ್ಗದ ವಿಡಿಯೋ ಕೂಡ ಇದೆ. ಹಳೆಯ ಯುದ್ಧ ಸಿನಿಮಾದ ತುಣುಕಿನಲ್ಲಿ ರೊನಾಲ್ಡ್ ರೇಗನ್ ವಿಮಾನದಿಂದ ಇವರ ಮೇಲೆ ಗುಂಡು ಸುರಿಸುವಂತೆ ಜೋಡಿಸಿದ್ದಾರೆ. ಒಮ್ಮೆ ನೋಡಿ.

ಹೊಟ್ಟಿನ ಬದಿ ಹೆಸರಿನಷ್ಟು ಹಗುರವಲ್ಲ. ಸ್ಟೀಲಿ ಡ್ಯಾನ್‌ನ ‘ಡಾಕ್ಟರ್ ವು’, ವ್ಯಾನ್ ಹೇಲನ್‌ನ ಹಾಡೊಂದರ ನಲವತ್ತು ಸೆಕೆಂಡಿನ ಕುಟ್ಟಾಣಿ ಆವೃತ್ತಿ, ‘ಜೂನ್ 16’ ಎಂಬ ಮಾತಿಲ್ಲದ ತುಣುಕು. ಆ ದಿನಾಂಕ ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ನಡೆಯುವ ದಿನ; ವಾಟ್ ಆಗ ಅದರಲ್ಲಿ ಮುಳುಗಿದ್ದ.

ಯಾವ ಪ್ರತಿ ತೆಗೆದುಕೊಳ್ಳಬೇಕು

‘ಡಬಲ್ ನಿಕಲ್ಸ್’ಗೆ ಎಲ್‌ಪಿಯೇ ಸರಿ. 81 ನಿಮಿಷದ ಆಲ್ಬಮ್ಮನ್ನು ಆ ಕಾಲದ ಸಿಡಿಯ 74 ನಿಮಿಷದ ಮಿತಿಗೆ ಇಳಿಸಲು ಕೆಲವು ಹಾಡು ಕಿತ್ತುಹಾಕಿದರು. ಹರ್ಲಿಯ ಬದಿಯ ‘ಮಿಸ್ಟರ್ ರೋಬಾಟ್ಸ್ ಹೋಲಿ ಆರ್ಡರ್ಸ್’ ಹಾಗೆ ಹೋದವುಗಳಲ್ಲಿ ಒಂದು. ಸ್ಟ್ರೀಮಿಂಗ್‌ನಲ್ಲಿ ಸಿಗುವ ಪಟ್ಟಿಯನ್ನೂ ಒಮ್ಮೆ ಎಣಿಸಿ ನೋಡಿ. 43 ಟ್ರ್ಯಾಕ್ ಇದ್ದರೆ ಅದು ಸಿಡಿಯ ಪಟ್ಟಿ. 1987ರ ಮೊದಲ ಸಿಡಿಗೆ ಹಾಡುಗಳನ್ನು ಮತ್ತೆ ಮಿಕ್ಸ್ ಮಾಡಲಾಗಿತ್ತು. ವಾಟ್‌ಗೆ ಅದು ಹಿಡಿಸಲಿಲ್ಲ. 1989ರ ಸಿಡಿಯಲ್ಲಿ ಮೂಲ ಮಿಕ್ಸ್ ವಾಪಸ್ ಬಂತು. ಹಳೆಯ ಸಿಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮೊದಲು ವರ್ಷ ನೋಡಿಕೊಳ್ಳಿ.

ಉಳಿದವಕ್ಕೆ ಮಾತ್ರ ಸಿಡಿಯೇ ಲಾಭ. ‘ಪೋಸ್ಟ್ ಮರ್ಶ್’ ಎಂಬ ಮೂರು ಸಂಪುಟಗಳಿವೆ. ಮೊದಲನೆಯದರಲ್ಲಿ ‘ಪಂಚ್ ಲೈನ್’ ಮತ್ತು ‘ವಾಟ್ ಮೇಕ್ಸ್ ಅ ಮ್ಯಾನ್’ ಎರಡೂ ಪೂರ್ತಿಯಾಗಿ ಸೇರಿ 36 ಹಾಡು. ಎರಡನೆಯದರಲ್ಲಿ ‘ಬಝ್ ಆರ್ ಹೌಲ್’ ಮತ್ತು ‘ಪ್ರಾಜೆಕ್ಟ್ ಮರ್ಶ್’. ಮೂರನೆಯದರಲ್ಲಿ ‘ಪ್ಯಾರನಾಯ್ಡ್ ಟೈಮ್’, ‘ಜಾಯ್’, ‘ಬೀನ್ ಸ್ಪಿಲ್’ ಮುಂತಾದ ಚಿಲ್ಲರೆ ಬಿಡುಗಡೆಗಳು ಮತ್ತು ‘ಪಾಲಿಟಿಕ್ಸ್ ಆಫ್ ಟೈಮ್’ ಸಂಕಲನ. ಒಂದನೆಯ ಸಂಪುಟ ಮತ್ತು ‘ಡಬಲ್ ನಿಕಲ್ಸ್’ ಎಲ್‌ಪಿ, ಇವೆರಡಿದ್ದರೆ ಬ್ಯಾಂಡ್‌ನ ಮುಕ್ಕಾಲು ಪಾಲು ಕೈಗೆ ಬಂದಂತೆ. ಮೂರನೆಯ ಸಂಪುಟ ಹುಚ್ಚು ಹಿಡಿದ ಮೇಲೆ ಸಾಕು.

‘ಪ್ರಾಜೆಕ್ಟ್ ಮರ್ಶ್’, ‘ತ್ರೀ ವೇ ಟೈ’

‘ಮರ್ಶ್’ ಎಂದರೆ ಅವರ ಭಾಷೆಯಲ್ಲಿ ಕಮರ್ಷಿಯಲ್. 1985ರ ಈ ಇಪಿಯಲ್ಲಿ ಆರೇ ಹಾಡು. ಪಲ್ಲವಿ ಇದೆ, ಟ್ರಂಪೆಟ್ ಇದೆ, ಹಾಡುಗಳು ರೇಡಿಯೋ ಉದ್ದದವು. ಹಿಟ್ ಹಾಡು ಬರೆಸೋಣ ಎಂದು ಕಂಪನಿಯ ದೊಡ್ಡವರು ಮೇಜಿನ ಸುತ್ತ ಕೂತು ಯೋಚಿಸುತ್ತಿರುವ ಮುಖಚಿತ್ರವನ್ನು ಬೂನ್ ತಾನೇ ಬರೆದ. ವ್ಯಂಗ್ಯ ಅರ್ಧ, ನಿಜವಾದ ಪ್ರಯೋಗ ಅರ್ಧ. ಮಾರಾಟದಲ್ಲಿ ಅದು ‘ಡಬಲ್ ನಿಕಲ್ಸ್’ನ ಅರ್ಧಕ್ಕೆ ನಿಂತಿತು. ಮಾಮೂಲಿ ರಾಕ್ ಹಾಡಿನ ಚೌಕಟ್ಟಿಲ್ಲದೆ ಕೇಳಲಾಗದವರಿಗೆ ಇದು ಸುಲಭದ ದಾರಿ ಎಂದು ಕೆಲವರು ಶಿಫಾರಸು ಮಾಡುತ್ತಾರೆ. ನಾವು ಮಾಡುವುದಿಲ್ಲ. ಸದ್ದು ನುಣುಪಾದ ಕೂಡಲೇ ಮೂವರ ನಡುವಿನ ಜಾಗ ಮುಚ್ಚಿಹೋಗಿ, ಬೇರೆ ಹತ್ತು ಬ್ಯಾಂಡ್‌ಗಳ ಥರವೇ ಕೇಳಿಸುತ್ತದೆ. ‘ದ ಚಿಯರ್‌ಲೀಡರ್ಸ್’, ‘ಕಿಂಗ್ ಆಫ್ ದ ಹಿಲ್’ ಎರಡು ಕೇಳಿದರೆ ಸಾಕು.

1985ರ ಡಿಸೆಂಬರ್‌ನ ‘ತ್ರೀ ವೇ ಟೈ, ಫಾರ್ ಲಾಸ್ಟ್’ನಲ್ಲಿ 16 ಹಾಡು, ಅದರಲ್ಲಿ ಐದು ಬೇರೆಯವರವು: ಕ್ರೀಡೆನ್ಸ್, ಬ್ಲೂ ಆಯ್ಸ್ಟರ್ ಕಲ್ಟ್, ಮೀಟ್ ಪಪೆಟ್ಸ್, ರಾಕಿ ಎರಿಕ್ಸನ್, ಯೂರಿನಲ್ಸ್. ಆತುರದಲ್ಲಿ ಮಾಡಿದ್ದು ಕೇಳಿದರೇ ಗೊತ್ತಾಗುತ್ತದೆ. ಬೂನ್‌ನ ಬದಿ ಗಟ್ಟಿ; ‘ದ ಪ್ರೈಸ್ ಆಫ್ ಪ್ಯಾರಡೈಸ್’ ಮತ್ತು ‘ದ ಬಿಗ್ ಸ್ಟಿಕ್’ಗಾಗಿ ಇಟ್ಟುಕೊಳ್ಳಬಹುದು. ಅದು ಬಂದ ತಿಂಗಳಲ್ಲೇ, ಡಿಸೆಂಬರ್ 22ರಂದು, ಅರಿಜೋನದ ಹೆದ್ದಾರಿಯಲ್ಲಿ ವ್ಯಾನ್‌ನ ಹಿಂದಿನ ಆ್ಯಕ್ಸಲ್ ಮುರಿದು ಆದ ಅಪಘಾತದಲ್ಲಿ ಬೂನ್ ತೀರಿಕೊಂಡ. 27 ವರ್ಷ. ಜ್ವರ ಬಂದು ಹಿಂದೆ ಮಲಗಿದ್ದ, ಸೀಟ್‌ಬೆಲ್ಟ್ ಇರಲಿಲ್ಲ. ಬ್ಯಾಂಡ್ ಅಲ್ಲಿಗೆ ಮುಗಿಯಿತು. 1987ರಲ್ಲಿ ಬಂದ ‘ಬ್ಯಾಲಟ್ ರಿಸಲ್ಟ್’, ಕೇಳುಗರಿಂದ ಮತ ಕೇಳಿ ಮಾಡಬೇಕೆಂದಿದ್ದ ಲೈವ್ ರೆಕಾರ್ಡ್‌ನ ಬದಲಿಗೆ ಸಿಕ್ಕಿದ ಟೇಪ್‌ಗಳಿಂದ ಕಟ್ಟಿದ್ದು. ಶಬ್ದದ ಗುಣ ಒಂದೊಂದು ಹಾಡಿಗೆ ಒಂದೊಂದು ಥರ, ಶುರುವಿಗೆ ಖಂಡಿತ ಬೇಡ.

ಮಿನಿಟ್‌ಮೆನ್ ಬದಲು ಬೇರೆಯವರು?

ಇದೇ ಮೂರು ಪದಾರ್ಥಗಳನ್ನು ಬೇರೆ ಅಳತೆಯಲ್ಲಿ ಹಾಕಿದವರಿದ್ದಾರೆ. ಸ್ಯಾಕ್ಸೊಫೋನ್ ಬೇಕು, ಜೇಮ್ಸ್ ಬ್ರೌನ್‌ನ ಕುಣಿತ ಕೆಟ್ಟ ಮನಸ್ಥಿತಿಯಲ್ಲಿ ಬೇಕು ಎಂದರೆ ನ್ಯೂಯಾರ್ಕ್‌ನ ಜೇಮ್ಸ್ ಚಾನ್ಸ್ ಮತ್ತು ಕಂಟಾರ್ಷನ್ಸ್, 1979ರ ‘ಬೈ’. ಮಿನಿಟ್‌ಮೆನ್‌ನಲ್ಲಿ ಗೆಳೆತನ ಕೇಳಿಸಿದರೆ ಇದರಲ್ಲಿ ಹಗೆತನ ಕೇಳಿಸುತ್ತದೆ. ಪಾಪ್ ಗ್ರೂಪ್‌ನ ‘ವೈ’, ಅದೂ 1979ರದೇ, ರೆಗೇ ನಿರ್ಮಾಪಕ ಡೆನಿಸ್ ಬೊವೆಲ್ ಕೈಯಲ್ಲಿ ತಯಾರಾದದ್ದು. ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ, ಒಣ ಸದ್ದು ಇಷ್ಟಪಡುವವರಿಗೆ ತಲೆನೋವು. ಲೀಡ್ಸ್‌ನ ಗ್ಯಾಂಗ್ ಆಫ್ ಫೋರ್ ಮಾಡಿದ ‘ಎಂಟರ್‌ಟೇನ್‌ಮೆಂಟ್!’ನಲ್ಲಿ ಜಾಝ್ ಇಲ್ಲ, ಫಂಕ್ ಮತ್ತು ಪಂಕ್ ಮಾತ್ರ, ಆದರೆ ಹಾಡುಗಳು ಪೂರ್ತಿ ಉದ್ದದವು. ಮಿನಿಟ್‌ಮೆನ್ ತೀರಾ ತುಂಡು ಎನಿಸಿದವರಿಗೆ ನಮ್ಮ ಬದಲಿ ಶಿಫಾರಸು ಇದು.

ರೆಡ್ ಹಾಟ್ ಚಿಲಿ ಪೆಪ್ಪರ್ಸ್ ಮೂಲಕ ಫಂಕ್-ಪಂಕ್‌ಗೆ ಬಂದವರಿಗೆ ಒಂದು ಕೊಂಡಿ ಇದೆ. ಅವರ 1984ರ ಮೊದಲ ಆಲ್ಬಮ್ ನಿರ್ಮಿಸಿದವನು ಗ್ಯಾಂಗ್ ಆಫ್ ಫೋರ್‌ನ ಆ್ಯಂಡಿ ಗಿಲ್. 1991ರ ‘ಬ್ಲಡ್ ಶುಗರ್ ಸೆಕ್ಸ್ ಮ್ಯಾಜಿಕ್’ ಅರ್ಪಣೆಯಾಗಿರುವುದು ಮೈಕ್ ವಾಟ್‌ಗೆ. ಆದರೆ ಚಿಲಿ ಪೆಪ್ಪರ್ಸ್‌ನ ಬೇಸ್ ತಂತಿ ಬಡಿದು ಎದುರಿಗೆ ಜಿಗಿಯುತ್ತದೆ, ವಾಟ್‌ನದು ಬೆರಳಲ್ಲಿ ಓಡುತ್ತದೆ. ಅದೇ ರುಚಿ ಸಿಗುತ್ತದೆ ಎಂದುಕೊಂಡು ಬರಬೇಡಿ.

ವಾಟ್ ಮತ್ತು ಹರ್ಲಿ 1986ರಲ್ಲಿ ಓಹಾಯೊದಿಂದ ಬಂದ ಅಭಿಮಾನಿ ಎಡ್ ಕ್ರಾಫರ್ಡ್ ಜೊತೆ ಫೈರ್‌ಹೋಸ್ ಕಟ್ಟಿದರು. ಆ ಬ್ಯಾಂಡ್ 1994ರವರೆಗೆ ನಡೆಯಿತು. ಅದೇ ಬೇಸ್, ಅದೇ ಡ್ರಮ್ಸ್, ಹಾಡು ಮಾತ್ರ ಹೆಚ್ಚು ಮಧುರ. ಮೊದಲ ಆಲ್ಬಮ್ ‘ರೇಜಿನ್, ಫುಲ್ ಆನ್’ ಸಾಕು. ಟಿಮ್ ಅರ್ವಿನ್ ನಿರ್ದೇಶನದ 2005ರ ಸಾಕ್ಷ್ಯಚಿತ್ರ ‘ವಿ ಜ್ಯಾಮ್ ಇಕಾನೊ’ವನ್ನು ‘ಡಬಲ್ ನಿಕಲ್ಸ್’ಗೆ ಮೊದಲೇ ನೋಡಿದರೂ ನಷ್ಟವಿಲ್ಲ, ವೇದಿಕೆಯ ಮೇಲೆ ಬೂನ್‌ನ ಭಾರೀ ಮೈ ಹಗುರಾಗಿ ನೆಗೆಯುವುದನ್ನು ನೋಡಿದವರಿಗೆ ಆ ಲಯ ಬೇಗ ಸಿಗುತ್ತದೆ. ವಾಟ್‌ನ 1997ರ ‘ಕಾಂಟೆಂಪ್ಲೇಟಿಂಗ್ ದ ಎಂಜಿನ್ ರೂಮ್’ ಮಾತ್ರ ಪಟ್ಟಿಯ ಕೊನೆಗೇ ಇರಲಿ: ಹಡಗಿನ ಎಂಜಿನ್ ಕೋಣೆಯ ಮೂವರು ನಾವಿಕರ ಒಂದು ದಿನದ ಕಥೆಯಾಗಿ ಅವನು ಹೇಳುವುದು ಮಿನಿಟ್‌ಮೆನ್‌ನ ಕಥೆಯನ್ನೇ, ಮೊದಲ ಎರಡು ಮೂರು ರೆಕಾರ್ಡ್ ಬಾಯಿಪಾಠವಾಗದೆ ಅದರಲ್ಲಿ ಯಾರು ಯಾರು ಎಂಬುದೇ ತಿಳಿಯದು.